ಬಾವುಟವಿಲ್ಲದ ದೋಣಿಯ ಮೇಲೆ ಯಾರ ಅಧಿಕಾರ?

2017ರ ಸೆಪ್ಟೆಂಬರಿನಲ್ಲಿ ಜಮೈಕಾದಿಂದ ಕಡಲಿಗಿಳಿದ ಕೆಲವು ಮೀನುಗಾರರನ್ನು ಹೈಟಿಯ ಬಳಿ ಅಮೆರಿಕದ ಕೋಸ್ಟ್ ಗಾರ್ಡ್ ತಡೆಯಿತು. ಅವರ ದೋಣಿ ನಾಶವಾಯಿತು. ಒಂದು ತಿಂಗಳಿಗೂ ಹೆಚ್ಚು ಕಾಲ ತಮ್ಮನ್ನು ಹಡಗಿನಿಂದ ಹಡಗಿಗೆ ದಾಟಿಸುತ್ತ, ಡೆಕ್ಕಿನ ಮೇಲೆ ಸರಪಳಿಯಲ್ಲಿ ಕಟ್ಟಿಟ್ಟರು ಎಂದು ಅವರು ಆಮೇಲೆ ಹೂಡಿದ ದಾವೆಯಲ್ಲಿ ಹೇಳಿದರು. ಮಯಾಮಿಯ ನ್ಯಾಯಾಲಯದಲ್ಲಿ ಕೊನೆಗೆ ಶಿಕ್ಷೆಯಾದದ್ದು ಅವರ ಮೇಲಿದ್ದ ಗಾಂಜಾ ಸಾಗಣೆಯ ಆರೋಪಕ್ಕಲ್ಲ, ದೋಣಿ ಎಲ್ಲಿಗೆ ಹೊರಟಿತ್ತೆಂಬ ಬಗ್ಗೆ ಸುಳ್ಳು ಹೇಳಿದ್ದಕ್ಕೆ.

ಯಾರ ನೆಲವೂ ಅಲ್ಲದ ನೀರಿನ ಮೇಲೆ ಒಂದು ದೇಶ ಇನ್ನೊಂದು ದೇಶದವರನ್ನು ಹಿಡಿದು ವಿಚಾರಣೆ ನಡೆಸುವ ಹಕ್ಕು ಎಲ್ಲಿಂದ ಬರುತ್ತದೆ?

ಹಳೆಯ ಉತ್ತರ, ಬಾವುಟ. ನಡುಗಡಲಲ್ಲಿ ಹಡಗು ಯಾವ ದೇಶದ ಧ್ವಜ ಹೊತ್ತಿದೆಯೋ ಆ ದೇಶದ ಕಾನೂನಿಗೆ ಮಾತ್ರ ಒಳಪಡುತ್ತದೆ ಎನ್ನುತ್ತದೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ. ಕಡಲ್ಗಳ್ಳರ ಹಡಗನ್ನು ಯಾವ ದೇಶ ಬೇಕಾದರೂ ಹಿಡಿದು ಶಿಕ್ಷಿಸಬಹುದು. ಆದರೆ ಮಾದಕ ವಸ್ತುವಿನ ವಿಷಯದಲ್ಲಿ ಅದೇ ಒಪ್ಪಂದ ದೇಶಗಳು ಪರಸ್ಪರ ಸಹಕರಿಸಬೇಕು ಎಂದಷ್ಟೇ ಹೇಳಿ ನಿಲ್ಲುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಕಡಲ್ಗಳ್ಳ ಎದುರಿಗೆ ಸಿಕ್ಕವರ ಮೇಲೆ ಅಲ್ಲೇ ಬೀಳುತ್ತಾನೆ. ಕೊಕೇನ್ ಮೂಟೆ ಹೊತ್ತ ದೋಣಿಯ ಹಾನಿ ತಲುಪುವುದು ದೂರದ ಯಾವುದೋ ಊರಿಗೆ.

ಅಮೆರಿಕ 1986ರ ಕಾಯ್ದೆಯಲ್ಲಿ ಈ ಅಂತರವನ್ನು ಬೇರೆ ದಾರಿಯಿಂದ ದಾಟಿತು. ರಾಷ್ಟ್ರೀಯತೆ ಇಲ್ಲದ ದೋಣಿ ತನ್ನ ಅಧಿಕಾರಕ್ಕೆ ಬರುತ್ತದೆ ಎಂದಿತು. ಧ್ವಜದ ದೇಶ ಒಪ್ಪಿದರೆ ಧ್ವಜವಿರುವ ದೋಣಿಯೂ ಬರುತ್ತದೆ. ಸರಕು ಅಮೆರಿಕಕ್ಕೇ ಹೊರಟಿತ್ತೆಂದು ಸರ್ಕಾರ ಸಾಬೀತುಪಡಿಸಬೇಕೆಂದು ಕಾಯ್ದೆ ಕೇಳುವುದಿಲ್ಲ. ಧ್ವಜದ ದೇಶ ಏನೆಂದಿತು ಎಂಬುದಕ್ಕೆ ವಿದೇಶಾಂಗ ಇಲಾಖೆಯ ಪ್ರಮಾಣಪತ್ರವೇ ಅಂತಿಮ. ಆರೋಪಿ ಅದನ್ನು ಪ್ರಶ್ನಿಸುವಂತಿಲ್ಲ. ಐದು ಕಿಲೋ ಕೊಕೇನಿಗೆ ಕನಿಷ್ಠ ಹತ್ತು ವರ್ಷ ಜೈಲು. 2012ರಲ್ಲಿ ಅಲ್ಲಿನದೇ ಒಂದು ಮೇಲ್ಮನವಿ ನ್ಯಾಯಾಲಯ ಗೆರೆ ಎಳೆಯಿತು: ಪನಾಮಾದ ಪ್ರಾದೇಶಿಕ ನೀರಿನಲ್ಲಿ ಸಿಕ್ಕವರನ್ನು ಈ ಕಾಯ್ದೆಯಡಿ ಶಿಕ್ಷಿಸಲಾಗದು, ಏಕೆಂದರೆ ಮಾದಕ ಸಾಗಣೆ ಅಂತರರಾಷ್ಟ್ರೀಯ ಕಾನೂನಿನ ವಿರುದ್ಧದ ಅಪರಾಧವಲ್ಲ.

ಹಾಗೆಂದು ಹಿಡಿಯುವುದೇ ತಪ್ಪೆನ್ನಲಾಗದು. ಬೇಕೆಂದೇ ಧ್ವಜ ಕಟ್ಟದೆ, ಅರ್ಧ ಮುಳುಗಿ ಸಾಗುವ ದೋಣಿಗಳಲ್ಲಿ ಟನ್‌ಗಟ್ಟಲೆ ವಿಷ ಬರುತ್ತದೆ. ಯಾರ ಕಾನೂನೂ ತಾಗದ ಜಾಗವೆಂದು ಕಡಲನ್ನು ಬಿಟ್ಟರೆ ಅದು ಸಾಗಣೆದಾರರ ಸೊತ್ತಾಗುತ್ತದೆ. ಆದರೆ ದೋಣಿಗೆ ದೇಶವಿಲ್ಲ ಎಂದ ಮಾತ್ರಕ್ಕೆ ಅದರಲ್ಲಿರುವ ಮನುಷ್ಯನಿಗೆ ಹಕ್ಕಿಲ್ಲ ಎಂದಾಗುವುದಿಲ್ಲ. ಕಾನೂನಿನ ಕೈ ಅಷ್ಟು ದೂರ ಚಾಚುವುದಾದರೆ ಕಾನೂನಿನ ಹೊಣೆಯೂ ಅಷ್ಟೇ ದೂರ ಹೋಗಬೇಕು: ಸಾಕ್ಷ್ಯ, ವಕೀಲ, ಬೇಗ ನ್ಯಾಯಾಧೀಶರ ಮುಂದೆ ಹಾಜರಾಗುವ ಅವಕಾಶ.

2025ರ ಸೆಪ್ಟೆಂಬರ್ 2ರಂದು ಆ ಹೊಣೆಯನ್ನೇ ಕಳಚಿಡಲಾಯಿತು. ಕೆರಿಬಿಯನ್‌ನಲ್ಲಿ ಒಂದು ದೋಣಿಯ ಮೇಲೆ ಅಮೆರಿಕದ ಸೇನೆ ದಾಳಿ ಮಾಡಿತು. 11 ಜನ ಸತ್ತರೆಂದು ಅಧ್ಯಕ್ಷ ಟ್ರಂಪ್ ತಾವೇ ಪ್ರಕಟಿಸಿದರು. ದಾಳಿಗಳು ಮುಂದುವರಿದವು. ಅಕ್ಟೋಬರಿನ ಒಂದು ದಾಳಿಯಲ್ಲಿ ಇಬ್ಬರು ಬದುಕುಳಿದರು. ಅವರ ಮೇಲೆ ಅಮೆರಿಕ ಮೊಕದ್ದಮೆ ಹೂಡಲಿಲ್ಲ, ಸ್ವದೇಶಗಳಿಗೆ ಕಳಿಸಿತು. ಒಬ್ಬನನ್ನು ಈಕ್ವೆಡಾರ್ ಸಾಕ್ಷ್ಯವಿಲ್ಲವೆಂದು ಬಿಟ್ಟಿತು. ಕೊಲ್ಲಲು ಸಾಕಾದದ್ದು ಆರೋಪ ಹೊರಿಸಲು ಸಾಲಲಿಲ್ಲ ಎಂದರೆ, ಆ ದಾಳಿ ಯಾವ ಹಕ್ಕಿನ ಮೇಲೆ ನಡೆಯಿತು?

ಇದು ಭಾರತಕ್ಕೂ ಸೇರಿದ ಪ್ರಶ್ನೆ. 1999ರಲ್ಲಿ ಅಲೊಂಡ್ರಾ ರೇನ್‌ಬೋ ಹಡಗನ್ನು ಅಪಹರಿಸಿದ್ದವರನ್ನು ನಮ್ಮ ಪಡೆಗಳು ಹಿಡಿದವು. 2003ರಲ್ಲಿ ಮುಂಬೈಯಲ್ಲಿ ಶಿಕ್ಷೆಯಾಯಿತು, 2005ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು. ಕಡಲ್ಗಳ್ಳತನವನ್ನು ಹೆಸರಿಸಿ ಶಿಕ್ಷಿಸುವ ಕಾಯ್ದೆ ಬಂದದ್ದು 2022ರಲ್ಲಿ. ಮಾದಕ ವಸ್ತುಗಳ 1985ರ ಕಾಯ್ದೆ ದೇಶದ ಹೊರಗೆ ಭಾರತೀಯ ನಾಗರಿಕರಿಗೂ ಭಾರತದಲ್ಲಿ ನೋಂದಾದ ಹಡಗುಗಳಲ್ಲಿರುವವರಿಗೂ ಅನ್ವಯಿಸುತ್ತದೆ. ನಡುಗಡಲಿನ ಬಾವುಟವಿಲ್ಲದ ವಿದೇಶಿ ದೋಣಿಯ ಹೆಸರನ್ನು ಅಲ್ಲಿ ಎತ್ತಿಲ್ಲ. 2024ರ ನವೆಂಬರಿನಲ್ಲಿ ಅಂಡಮಾನಿನ ಬಳಿ ಮ್ಯಾನ್ಮಾರಿನ ಆರು ಜನರಿದ್ದ ದೋಣಿಯಲ್ಲಿ ಐದು ಟನ್ನಿಗೂ ಹೆಚ್ಚು ಮೆಥಾಂಫೆಟಮೈನ್ ಸಿಕ್ಕಿತು. ಇಂಥ ದೋಣಿ ನಾಳೆ ಇನ್ನಷ್ಟು ದೂರದಲ್ಲಿ ಸಿಗಬಹುದು. ಅದಕ್ಕೆ ಮೊದಲೇ ಸಂಸತ್ತು ಕಾಯ್ದೆ ಸ್ಪಷ್ಟಪಡಿಸಲಿ. ಹಿಡಿದವರನ್ನು ಎಷ್ಟು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂಬುದನ್ನೂ ಅದರಲ್ಲೇ ಬರೆಯಲಿ.