ಶಿಖರದ ಮೇಲಿನ ಕಾವಲುಗಾರ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾದ ಗಡಿಗೆ ಸಮೀಪ, ಡೆಸೊಲೇಶನ್ ಎಂಬ 6,102 ಅಡಿ ಎತ್ತರದ ಶಿಖರವಿದೆ. ಆ ಹೆಸರಿನ ಅರ್ಥ ಪಾಳು. 1926ರ ಕಾಳ್ಗಿಚ್ಚು ಇದರ ಇಳಿಜಾರನ್ನು ಬೋಳಾಗಿಸಿದ್ದರಿಂದ ಆ ಹೆಸರು ಬಂತು. ರಾಸ್ ಸರೋವರದ ದಂಡೆಯಿಂದ ಕಾಡಿನೊಳಗೆ ಏರುವ ಕಡಿದಾದ ಕಾಲುದಾರಿ ಕೊನೆಗೆ ಒಂದು ಮರದ ಕೋಣೆಯನ್ನು ಮುಟ್ಟುತ್ತದೆ. ಅದಕ್ಕೆ ನಾಲ್ಕೂ ಕಡೆ ಕಿಟಕಿಗಳು. ನಡುವೆ ಹೊಗೆಯ ದಿಕ್ಕನ್ನು ಗುರುತಿಸುವ ಉಪಕರಣ. 1956ರ ಬೇಸಿಗೆಯಲ್ಲಿ ಲೇಖಕ ಜ್ಯಾಕ್ ಕೆರೊವಾಕ್ 63 ದಿನ ಇಲ್ಲಿ ಒಬ್ಬರೇ ಕಾವಲಿದ್ದರು.

ಹೊಗೆ ಕಂಡೊಡನೆ ಸುದ್ದಿ ಮುಟ್ಟಿಸುವುದು ಕಾವಲುಗಾರನ ಕೆಲಸ. ಇಂಥ ಕಾವಲು ಬಿಗಿಯಾದುದರ ಹಿಂದೆ ಒಂದು ದುರಂತವಿದೆ. 1910ರ ಆಗಸ್ಟ್‌ನಲ್ಲಿ ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು; 80ಕ್ಕೂ ಹೆಚ್ಚು ಮಂದಿ ಸತ್ತರು. 1935ರಲ್ಲಿ ಅರಣ್ಯ ಸೇವಾ ಇಲಾಖೆ ಒಂದು ನಿಯಮ ಮಾಡಿತು: ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ಅದು ಹತೋಟಿಗೆ ಬರಬೇಕು.

ಜೀವ ಉಳಿಸುವ ಉದ್ದೇಶದಲ್ಲಿ ತಪ್ಪೇನಿದೆ? ಆದರೆ ಪಶ್ಚಿಮದ ಒಣ ಪೈನ್ ಕಾಡುಗಳಲ್ಲಿ ಆಗಾಗ ನೆಲಮಟ್ಟದಲ್ಲಿ ಹರಿಯುವ ಸಣ್ಣ ಬೆಂಕಿ ತರಗೆಲೆ, ಪೊದೆಗಳನ್ನು ತೆಗೆದು ದೊಡ್ಡ ಮರಗಳನ್ನು ಉಳಿಸುತ್ತಿತ್ತು. ಪ್ರತಿ ಕಿಡಿಯನ್ನೂ ನಂದಿಸಿದಾಗ ದಶಕಗಳ ಕಾಲ ಉರುವಲು ಬೆಳೆಯುತ್ತಾ ಹೋಯಿತು. ಮುಂದೆ ಹೊತ್ತಿದ ಬೆಂಕಿ ಮರದ ತುದಿಗೇ ಏರಿತು. 1978ರಲ್ಲಿ ಆ ನಿಯಮವನ್ನು ಕೈಬಿಡಲಾಯಿತು.

ನಿಯ್ಯತ್ ಶುದ್ಧವಾಗಿತ್ತು, ಫಲ ಕೆಟ್ಟದಾಯಿತು. ಹೊಣೆ ಯಾರದು? ತನಗೆ ಒಪ್ಪಿಸಿದ ಅಮಾನತ್ತನ್ನು ಕಾಯ್ದ ಕಾವಲುಗಾರನದಲ್ಲ. ಆದರೆ ನಿಯಮ ಮಾಡಿದವರು ಏನೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕರುಕ್, ಯುರೋಕ್ ಮೂಲನಿವಾಸಿಗಳು ತಲೆಮಾರುಗಳಿಂದ ಹದವರಿತು ನೆಲ ಸುಡುತ್ತಿದ್ದರು. ಅವರಿಂದ ಕಲಿಯುವ ಬದಲು ಅವರ ಪದ್ಧತಿಯನ್ನೇ ತಡೆಯಲಾಯಿತು. ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯಿದೆ. ಅರಿತವರ ಮಾತಿಗೆ ಕಿವಿ ಮುಚ್ಚಿಕೊಂಡವನಿಗೆ ಸದುದ್ದೇಶ ರಕ್ಷಣೆಯಾಗಲಾರದು. ವಿಚಾರಿಸಿ ತಿಳಿಯುವ ಶ್ರಮವೂ ನಿಯ್ಯತ್ತಿನ ಭಾಗವಲ್ಲವೇ?

ಕಾವಲು ಬೇಡವೆಂದಲ್ಲ. ಮನೆಗಳತ್ತ ನುಗ್ಗುವ ಬೆಂಕಿಯನ್ನು ನಂದಿಸಲೇಬೇಕು. ಆದರೆ ಯಾವ ಹೊಗೆ ಎಂಥದ್ದೆಂದು ವಿವೇಚಿಸಬೇಕು. ನಮ್ಮ ಮನೆಗಳಲ್ಲಿ, ಜಮಾಅತ್‌ಗಳಲ್ಲಿ ಹಿರಿಯರಾದ ನಾವೂ ಕಾವಲುಗಾರರೇ. ಮಗಳ ಒಂದು ಪ್ರಶ್ನೆ, ಯುವಕನ ಒಂದು ಭಿನ್ನಮತ ತಲೆಯೆತ್ತಿದೊಡನೆ ಅದನ್ನು ಅಡಗಿಸಿ, ಶಾಂತಿ ಕಾಪಾಡಿದೆವು ಎಂದುಕೊಳ್ಳುತ್ತೇವೆ. ಆ ಮೌನದ ಕೆಳಗೆ ಎಷ್ಟು ತರಗೆಲೆ ಬಿದ್ದಿದೆ ಎಂದು ಎಂದಾದರೂ ಇಳಿದು ನೋಡಿದ್ದೇವೆಯೇ?