ನೆಲ ಡೊಂಕೇ ಇತ್ತಲ್ಲ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಹೇಳುವವರು ಸಾಮಾನ್ಯವಾಗಿ ಕೂತಿರುತ್ತಾರೆ. ನಿಂತಿರುವವಳು ಕುಣಿಯಬೇಕಾದವಳು ಮಾತ್ರ. ನಸುಕಿಗೆ ಎದ್ದು ನೀರು ಹಿಡಿದು, ರಾತ್ರಿ ಹತ್ತಕ್ಕೆ ಪಾತ್ರೆ ತಿಕ್ಕಿ ಮುಗಿಸುವವಳು ‘ಬರೆಯೋಕೆ ಪುರುಸೊತ್ತೆಲ್ಲಿ’ ಅಂದರೆ ಅದು ನೆಪವೇ? ಗಾದೆಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ನೆಲ ಸಮವಾಗಿತ್ತೆಂದು ಅದು ಎಲ್ಲೂ ಹೇಳುವುದಿಲ್ಲ.

ಡೊಂಕು ನೆಲದಲ್ಲೇ ಕುಣಿದವರೂ ಇದ್ದಾರೆ. ಹೈದರಾಬಾದಿನ ಗೋಲ್ಕೊಂಡ ಕೋಟೆ ಹತ್ತುವವರಿಗೆ ರಾಮದಾಸನ ಬಂದೀಖಾನೆ ಸಿಗುತ್ತದೆ. ಕತ್ತಲೆ ಕೋಣೆ, ಮೇಲಿನಿಂದ ಇಳಿಯುವ ಒಂದಿಷ್ಟು ಬೆಳಕು, ಗೋಡೆಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮರ ಒರಟು ಕೆತ್ತನೆ. ಕೆತ್ತಿದವನು ಅವನೇ ಎನ್ನುತ್ತದೆ ಪ್ರತೀತಿ. ರಾಮದಾಸನೆಂದರೆ ಕಂಚರ್ಲ ಗೋಪಣ್ಣ; ಈ ಕಂದಾಯದ ಅಧಿಕಾರಿ ಸರ್ಕಾರದ ಹಣದಲ್ಲಿ ಭದ್ರಾಚಲದ ರಾಮನ ಗುಡಿ ಕಟ್ಟಿದನೆಂದು ಕುತುಬ್‌ಶಾಹಿ ಸುಲ್ತಾನ ತಾನಾಶಾ ಸೆರೆಗೆ ಹಾಕಿಸಿದ. ಹನ್ನೆರಡು ವರ್ಷ ಎಂದು ಜನ ಹೇಳುತ್ತಾರೆ.

ಒಳಗೆ ಅವನಿಗೆ ಉಳಿದದ್ದು ಏಟಿನ ನೋವು ಮತ್ತು ತಲೆಯೊಳಗಿನ ಜಮಾಖರ್ಚು. ಅವನ ಒಂದು ತೆಲುಗು ಕೀರ್ತನೆಯಲ್ಲಂತೂ ಯಾವ ಒಡವೆಗೆ ಎಷ್ಟು ಹಣ ಬಿತ್ತೆಂದು ರಾಮನಿಗೇ ಲೆಕ್ಕ ಒಪ್ಪಿಸುತ್ತಾನೆ. ರಾಮನ ಅಪ್ಪನನ್ನೂ ಮಾವನನ್ನೂ ಎಳೆದು ತಂದು ಬೈಯುತ್ತಾನೆ. ಬೈದ ಮೇಲೆ, ಪೆಟ್ಟು ತಾಳಲಾರದೆ ಹಾಗಂದೆ ಎಂದು ಸಮಾಧಾನ ಹೇಳುತ್ತಾನೆ. ಜೈಲಿಗೆ ತಳ್ಳಿದ ಲೆಕ್ಕವೇ ಹಾಡಾಯಿತು. ನೆಲ ಎಲ್ಲಿ ತಗ್ಗಿತ್ತೋ ಹೆಜ್ಜೆ ಅಲ್ಲೇ ಬಿತ್ತು.

ಹಾಗಂತ ಸೆರೆಮನೆಗೆ ಕೈಮುಗಿಯಬೇಕಿಲ್ಲ. ಕಷ್ಟವೇ ಕಲೆಯ ತಾಯಿ ಎಂದು ಹೊಟ್ಟೆ ತುಂಬಿದವರು ಹೇಳಿದರೆ ನನಗೆ ರೇಗುತ್ತದೆ. 1908ರ ಸೆಪ್ಟೆಂಬರಿನಲ್ಲಿ ಅದೇ ಹೈದರಾಬಾದಿನ ಮೂಸಿ ನದಿ ಉಕ್ಕಿದಾಗ ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು. ಬದುಕುಳಿದು ಆ ಪ್ರವಾಹದ ಮೇಲೆಯೇ ಪದ್ಯ ಬರೆದರು. ನಾಲ್ಕು ಸಾಲಿನ ರುಬಾಯಿಗೆ ಉರ್ದುವಿನಲ್ಲಿ ದೊಡ್ಡ ಹೆಸರಾದರು. ಅದಕ್ಕಾಗಿ ಮೂಸಿಯನ್ನು ಕ್ಷಮಿಸಲಾದೀತೇ? ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರು ಅಲ್ಲಿಗೆ ಬಂದು ನದಿಗೆ ಕಡಿವಾಣದ ಯೋಜನೆ ಹಾಕಿದರು. ಉಸ್ಮಾನ್ ಸಾಗರ ಜಲಾಶಯ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನೆಲ ಡೊಂಕು ಎಂದಾಗ ನಗದೆ, ಬಗ್ಗಿ ನೋಡಿ, ಅಳತೆ ಹಿಡಿದವರು ಅವರು. ಅದೂ ಸೃಷ್ಟಿಯೇ.

ಆದರೆ ನಮ್ಮ ನಿಮ್ಮ ಮನೆಗೆ ಎಂಜಿನಿಯರು ಬರುವುದಿಲ್ಲ. ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದ ರಾಯಚೂರು, ಕಲಬುರಗಿ ಕಡೆಯ ಕೌದಿ ಹೊದಿಕೆ ನೋಡಿ. ಕೌದಿಗೆಂದು ಯಾರೂ ಹೊಸ ಬಟ್ಟೆ ತರುವುದಿಲ್ಲ. ಹರಿದ ಸೀರೆ, ಸವೆದ ಧೋತರ, ಮಗುವಿಗೆ ಗಿಡ್ಡವಾದ ಅಂಗಿ. ತುಂಡು ಸಾಲದಿದ್ದರೆ ಪಕ್ಕಕ್ಕೆ ಇನ್ನೊಂದು ಬಣ್ಣ. ಚಿತ್ತಾರ ಹುಟ್ಟುವುದೇ ಆ ಸಾಲದೆ ಹೋದ ಜಾಗದಲ್ಲಿ. ಹೊಲಿಯುವವಳಿಗೂ ಪುರುಸೊತ್ತಿಲ್ಲ. ಬೇಳೆ ಬೇಯುವಷ್ಟರಲ್ಲಿ ಹತ್ತು ಹೊಲಿಗೆ, ನೆರೆಯವಳು ಬಂದರೆ ಮಾತಿನೊಂದಿಗೆ ಇನ್ನಿಪ್ಪತ್ತು. ಒಂದು ಸಾಲು ಸೊಟ್ಟಗಾದರೆ ಅವಳು ಬಿಚ್ಚುವುದಿಲ್ಲ. ಮುಂದಿನ ಸಾಲು ಅದರ ಜೊತೆಗೇ ಬಾಗಿಕೊಂಡು ಹೋಗುತ್ತದೆ.