ಮುಟ್ಟದೆ ಕೇಳಿಸದು

*ದಿನದ ಧಮ್ಮ ಚಿಂತನೆ*




ಇವತ್ತಿನ ವಿಷಯ ಸಮ್ಮಾ ಸತಿ, ಅಂದರೆ ಸರಿಯಾದ ಎಚ್ಚರ. ನಾನು ಎದೆಯ ಕಾಯಿಲೆ ನೋಡುವ ವೈದ್ಯ. ಹಾಗಾಗಿ ದಿನವೂ ಕೊರಳಲ್ಲಿರುವ ಸ್ಟೆತಾಸ್ಕೋಪಿನ ಮೂಲಕವೇ ಇದನ್ನು ಹೇಳುತ್ತೇನೆ.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಅವರ ಬಳಿಗೆ ಹೃದ್ರೋಗದ ಯುವತಿಯೊಬ್ಬಳು ಬಂದಳು. ಅವಳ ಎದೆಗೆ ನೇರವಾಗಿ ಕಿವಿ ಇಡುವುದು ಸರಿಯಲ್ಲವೆಂದು ಅವರು ಕಾಗದವನ್ನು ಸುತ್ತಿ ಕೊಳವೆ ಮಾಡಿ ಆಲಿಸಿದರು. ಶಬ್ದ ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಮುಂದೆ ಅದೇ ಮರದ ಕೊಳವೆಯಾಯಿತು.

ಆರೋಗ್ಯದ ಎದೆಯಲ್ಲಿ ಉಸಿರು ಎಲೆಗಳ ನಡುವೆ ಗಾಳಿ ಸುಳಿದಂತೆ ಮೃದುವಾಗಿರುತ್ತದೆ. ಶ್ವಾಸನಾಳ ಕಿರಿದಾದರೆ ಶಿಳ್ಳೆಯಂತೆ ಸುಂಯ್‌ಗುಡುತ್ತದೆ. ಕಫ ತುಂಬಿದ್ದರೆ ಗೊರಗೊರ. ಮುಚ್ಚಿಕೊಂಡ ಸಣ್ಣ ಗಾಳಿದಾರಿಗಳು ತಟ್ಟನೆ ತೆರೆದರೆ, ಕಿವಿಯ ಹತ್ತಿರ ಕೂದಲು ಉಜ್ಜಿದ ಹಾಗೆ ಸಣ್ಣ ಚಟಚಟ. ಶ್ವಾಸಕೋಶದ ಹೊದಿಕೆ ಉರಿಯೂತದಿಂದ ಒರಟಾದರೆ ಹೊಸ ಚಪ್ಪಲಿಯ ಕಿರುಗುಟ್ಟುವಿಕೆ.

ಆದರೆ ಒಂದೇ ಶಿಳ್ಳೆ ಆಸ್ತಮಾದಿಂದ ಬರಬಹುದು, ವರ್ಷಗಟ್ಟಲೆ ಸೇದಿದ ಬೀಡಿಯಿಂದ ಬರಬಹುದು, ಸೋತ ಹೃದಯದಿಂದಲೂ ಬರಬಹುದು. 'ಬೀಡಿ ಸೇದುವವನಲ್ಲವೇ, ಇದು ಅದೇ' ಎಂದು ಮೊದಲೇ ತೀರ್ಮಾನಿಸಿದ ಕಿವಿ ಮುಂದೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಕೇಳಿದ್ದನ್ನು ಸುಮ್ಮನೆ ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ಭಗವಾನರು ಕಾಲಾಮರಿಗೆ ತಿಳಿಸಿದ್ದು ಇದನ್ನೇ. ಆನಾಪಾನಸತಿಯಲ್ಲೂ ಉಸಿರು ಉದ್ದವಿದ್ದರೆ ಉದ್ದ ಎಂದು, ಗಿಡ್ಡವಿದ್ದರೆ ಗಿಡ್ಡ ಎಂದು ತಿಳಿಯುತ್ತೇವೆ. ನಮ್ಮದೇನನ್ನೂ ಅದಕ್ಕೆ ಸೇರಿಸುವುದಿಲ್ಲ.

ವೈದ್ಯರನ್ನು ಹೆಚ್ಚು ಹೆದರಿಸುವುದು ಶಬ್ದವಲ್ಲ, ಮೌನ. ತೀವ್ರ ಉಬ್ಬಸದ ರೋಗಿಯ ಶಿಳ್ಳೆ ನಿಂತುಹೋಗಿ, ಆತ ಇನ್ನೂ ಏದುತ್ತಲೇ ಇದ್ದರೆ ಅದು ಗುಣವಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲ ಎಂದರ್ಥ. ನಮ್ಮ ಕೇರಿಗಳಲ್ಲೂ ಹಾಗೆಯೇ. ದೂರು ಹೇಳುವುದನ್ನೇ ಬಿಟ್ಟವರನ್ನು ಕಂಡು 'ಈಗ ಚೆನ್ನಾಗಿದ್ದಾರೆ' ಎಂದುಕೊಳ್ಳಬಾರದು.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ, 1929ರಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದ ಒಂದು ಪತ್ರವನ್ನು ನಮ್ಮ ಮುಂದಿಡುತ್ತಾರೆ. ಕಾಠಿಯಾವಾಡದ ಅಸ್ಪೃಶ್ಯ ಶಾಲಾ ಮಾಸ್ತರರೊಬ್ಬರು ಬರೆದದ್ದು. ಹೆರಿಗೆಯಾದ ಅವರ ಹೆಂಡತಿಗೆ ಉಸಿರಾಟ ಕಷ್ಟವಾಯಿತು. ವೈದ್ಯ ಕೇರಿಯೊಳಗೆ ಬರಲು ಒಪ್ಪಲಿಲ್ಲ, ಬಾಣಂತಿಯನ್ನೇ ಹೊರಗೆ ತರಬೇಕಾಯಿತು. ತರ್ಮಾಮೀಟರನ್ನು ವೈದ್ಯ ಒಬ್ಬ ಮುಸ್ಲಿಮರ ಕೈಗೆ ಕೊಟ್ಟ, ಅವರು ಗಂಡನಿಗೆ, ಗಂಡ ಹೆಂಡತಿಗೆ. ಹಿಂದಕ್ಕೂ ಅದೇ ದಾರಿ. ನ್ಯುಮೋನಿಯಾ ಎಂದು ಹೇಳಿ ಹೋದ ವೈದ್ಯ ಮತ್ತೆ ನೋಡಲು ಬರಲಿಲ್ಲ. ಆ ತಾಯಿ ಉಳಿಯಲಿಲ್ಲ.

ತರ್ಮಾಮೀಟರು ಕೈಯಿಂದ ಕೈಗೆ ದಾಟುತ್ತದೆ. ಸ್ಟೆತಾಸ್ಕೋಪು ದಾಟುವುದಿಲ್ಲ. ಅದರ ಒಂದು ತುದಿ ರೋಗಿಯ ಎದೆಯ ಮೇಲಿರಬೇಕು, ಇನ್ನೊಂದು ವೈದ್ಯರ ಕಿವಿಯಲ್ಲಿ. ಮುಟ್ಟಲು ಹೇಸುವವನಿಗೆ ಎಷ್ಟೇ ವಿದ್ಯೆಯಿದ್ದರೂ ಆ ಎದೆಯ ಮಾತು ಕೇಳಿಸದು.

ವಿನಯ ಪಿಟಕದಲ್ಲಿ ಇದಕ್ಕೆ ಎದುರಾದ ಪ್ರಸಂಗವಿದೆ. ಹೊಟ್ಟೆಯ ರೋಗದಿಂದ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ ಭಿಕ್ಖುವನ್ನು ಯಾರೂ ನೋಡಿಕೊಂಡಿರಲಿಲ್ಲ. ಭಗವಾನ್ ಬುದ್ಧರು ತಾವೇ ನೀರು ಹೊಯ್ದರು, ಆನಂದರು ತೊಳೆದರು. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದರು ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ನಾವು ಶರಣು ಹೋಗಿರುವುದು ಈ ಕೈಗಳಿಗೆ.

*ಇಂದಿನ ಅಭ್ಯಾಸ*
🌼 ಹತ್ತು ನಿಮಿಷ ಕುಳಿತು ಉಸಿರನ್ನು ಇದ್ದ ಹಾಗೆಯೇ ಗಮನಿಸಿ.
🌼 ಇತ್ತೀಚೆಗೆ ಮಾತು ಕಡಿಮೆ ಮಾಡಿದ ಒಬ್ಬರ ಮನೆಗೆ ಹೋಗಿ, ಹತ್ತಿರ ಕುಳಿತು ಕೇಳಿ. ಸಲಹೆ ಆಮೇಲೆ ಇರಲಿ.
🌼 ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕ್ಷಯದ ಕಫ ಪರೀಕ್ಷೆ, ಔಷಧಿ ಎರಡೂ ಅಲ್ಲಿ ಉಚಿತ. ನಾಚಿಕೆ ಬೇಡ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏